ದೆಹಲಿಯ ನೆಲದಡಿ ತೈಲ ಏಕಿಲ್ಲ, ಬಾರ್ಮೇರ್‌ನಲ್ಲಿ ಏಕಿದೆ? ಕಚ್ಚಾ ತೈಲ ಹುಟ್ಟುವುದು, ಪತ್ತೆಯಾಗುವುದು ಹೀಗೆ

ನವದೆಹಲಿ: 'ಭಾರಿ ತೈಲ ನಿಕ್ಷೇಪ ಪತ್ತೆ' ಎಂಬ ಸುದ್ದಿ ವರ್ಷಕ್ಕೆ ಒಂದೆರಡು ಬಾರಿಯಾದರೂ ಬರುತ್ತದೆ. ಮೊಬೈಲ್‌ನಲ್ಲಿ ಅದು ಹರಿದಾಡುತ್ತಿದ್ದಂತೆ 'ಇನ್ನು ಪೆಟ್ರೋಲ್ ಬೆಲೆ ಇಳಿಯುತ್ತಾ?' ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಆದರೆ ಭಾರತದ ಲೆಕ್ಕ ಬೇರೆಯೇ ಇದೆ. 2023-24ರಲ್ಲಿ ದೇಶದೊಳಗೆ ಉತ್ಪಾದನೆಯಾದ ಕಚ್ಚಾ ತೈಲ ಸುಮಾರು 29 ಮಿಲಿಯನ್ ಟನ್. ಅದೇ ವರ್ಷ ಹೊರದೇಶಗಳಿಂದ ತರಿಸಿಕೊಂಡಿದ್ದು 230 ಮಿಲಿಯನ್ ಟನ್‌ಗೂ ಹೆಚ್ಚು. ಅಂದರೆ ಅಗತ್ಯದ ಶೇ. 85ಕ್ಕಿಂತ ಹೆಚ್ಚಿನ ಪಾಲು ಆಮದು.

ಇಷ್ಟು ದೊಡ್ಡ ದೇಶದಲ್ಲಿ ತೈಲ ಇಷ್ಟು ಕಡಿಮೆ ಸಿಗುವುದೇಕೆ? ರಾಜಸ್ಥಾನದ ಮರುಭೂಮಿಯಲ್ಲಿ ಸಿಗುವ ತೈಲ ದೆಹಲಿಯಲ್ಲಾಗಲಿ, ಕರ್ನಾಟಕದಲ್ಲಾಗಲಿ ಸಿಗದಿರುವುದೇಕೆ? ನೆಲದೊಳಗೆ ಮೂರು ಕಿಲೋಮೀಟರ್ ಆಳದಲ್ಲಿ ಏನಿದೆ ಎಂದು ಮೇಲೆ ನಿಂತವರಿಗೆ ತಿಳಿಯುವುದಾದರೂ ಹೇಗೆ? ಇಲ್ಲಿದೆ ಸಂಪೂರ್ಣ ವಿವರ.

ನೆಲದಡಿ ತೈಲದ ಕೆರೆ ಇದೆಯೇ?

ತೈಲ ನಿಕ್ಷೇಪ ಎಂದರೆ ಭೂಮಿಯೊಳಗೆ ಕಪ್ಪು ಎಣ್ಣೆ ತುಂಬಿದ ದೊಡ್ಡ ಕೆರೆ ಎಂದೇ ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅಲ್ಲಿ ಇರುವುದು ಬಂಡೆ. ಆ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ತೈಲ ಹುದುಗಿರುತ್ತದೆ. ಸಾಂಬಾರ್ ಹೀರಿಕೊಂಡ ವಡೆಯಂತೆ ಎಂದುಕೊಳ್ಳಬಹುದು. ಮೇಲೆ ನೋಡಿದರೆ ಗಟ್ಟಿ, ಒಳಗೆ ಮಾತ್ರ ರಸ. ಬಾವಿ ಕೊರೆದಾಗ ಒತ್ತಡದ ವ್ಯತ್ಯಾಸದಿಂದ ಆ ರಂಧ್ರಗಳೊಳಗಿನ ತೈಲ ಮೆಲ್ಲಗೆ ಬಾವಿಯ ಕಡೆಗೆ ಸರಿಯುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಡೈನೋಸಾರ್‌ಗಳದ್ದು. ಸತ್ತ ಡೈನೋಸಾರ್‌ಗಳೇ ಕರಗಿ ಪೆಟ್ರೋಲ್ ಆದವು ಎಂಬ ಮಾತಿದೆ. ಇದಕ್ಕೆ ಆಧಾರವಿಲ್ಲ. ತೈಲದ ಮೂಲ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಸಮುದ್ರ ಮತ್ತು ಸರೋವರಗಳ ನೀರಿನಲ್ಲಿ ತೇಲುವ ಪಾಚಿ, ಪ್ಲಾಂಕ್ಟನ್‌ಗಳೇ ಕೋಟ್ಯಂತರ ವರ್ಷಗಳ ನಂತರ ಕಚ್ಚಾ ತೈಲವಾಗುತ್ತವೆ.

ಹುಟ್ಟು: ಕೆಸರಿನಿಂದ ತೈಲದವರೆಗೆ

ಈ ಸೂಕ್ಷ್ಮಜೀವಿಗಳು ಸತ್ತಾಗ ತಳಕ್ಕಿಳಿಯುತ್ತವೆ. ಸಾಮಾನ್ಯವಾಗಿ ಅವು ಕೊಳೆತು ಹೋಗುತ್ತವೆ. ಆದರೆ ತಳದ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಪೂರ್ತಿ ಕೊಳೆಯುವುದಿಲ್ಲ. ನದಿಗಳು ತಂದ ನುಣುಪಾದ ಕೆಸರು ಅವುಗಳ ಮೇಲೆ ಬಿದ್ದು ಮುಚ್ಚಿಬಿಡುತ್ತದೆ. ಹೀಗೆ ಪದರದ ಮೇಲೆ ಪದರ ಕೂತು, ಭಾರಕ್ಕೆ ನೀರು ಹಿಂಡಿಹೋಗಿ, ಕೆಸರು ಕಲ್ಲಾಗುತ್ತದೆ. ಇದೇ ಪದರ ಶಿಲೆ. ಜೈವಿಕ ಅಂಶ ಉಳಿಸಿಕೊಂಡ ಈ ಕಪ್ಪು ಜೇಡಿ ಶಿಲೆಯನ್ನು ಭೂವಿಜ್ಞಾನಿಗಳು 'ಮೂಲ ಶಿಲೆ' ಎನ್ನುತ್ತಾರೆ.

ಇಲ್ಲಿಗೆ ತೈಲ ಸಿದ್ಧವಾಗಿಲ್ಲ. ಜೈವಿಕ ಅಂಶ ಮೊದಲು 'ಕೆರೋಜೆನ್' ಎಂಬ ಮೇಣದಂಥ ಗಟ್ಟಿ ವಸ್ತುವಾಗುತ್ತದೆ. ಅದು ತೈಲವಾಗಬೇಕಾದರೆ ಬೇಯಬೇಕು. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಪದರ ಶಿಲೆ ಸುಮಾರು 2ರಿಂದ 4 ಕಿಲೋಮೀಟರ್ ಆಳಕ್ಕೆ ಕುಸಿದಾಗ ಉಷ್ಣಾಂಶ 60ರಿಂದ 120 ಡಿಗ್ರಿ ತಲುಪುತ್ತದೆ. ತೈಲ ಹುಟ್ಟುವ ಹದ ಇದೇ.

ಉರಿ ಕಡಿಮೆಯಾದರೆ ಕೆರೋಜೆನ್ ಹಸಿಯಾಗಿಯೇ ಉಳಿಯುತ್ತದೆ. ಉರಿ ಹೆಚ್ಚಾದರೆ ತೈಲವೂ ಒಡೆದು ಅನಿಲವಾಗುತ್ತದೆ. ಇನ್ನೂ ಬೆಂದರೆ ಕೊನೆಗೆ ಉಳಿಯುವುದು ಬರೀ ಇಂಗಾಲ. ತೈಲ ಬೇಯುವ ಈ ಆಳದ ಪ್ರದೇಶವನ್ನು ತಜ್ಞರು 'ಅಡುಗೆಮನೆ' ಎಂದೇ ಕರೆಯುತ್ತಾರೆ. ಈ ಅಡುಗೆಗೆ ಬೇಕಾಗುವ ಸಮಯ ಲಕ್ಷಗಳಿಂದ ಕೋಟಿಗಳವರೆಗಿನ ವರ್ಷಗಳು.

ಐದು ಷರತ್ತು, ಒಂದು ತಪ್ಪಿದರೂ ಶೂನ್ಯ

ತೈಲ ಹುಟ್ಟಿದ ಮಾತ್ರಕ್ಕೆ ನಿಕ್ಷೇಪವಾಗುವುದಿಲ್ಲ. ಅದಕ್ಕೆ ಐದು ಸಂಗತಿಗಳು ಒಂದೇ ಕಡೆ ಕೂಡಿಬರಬೇಕು.

1. ಮೂಲ ಶಿಲೆ: ಜೈವಿಕ ಅಂಶ ಸಾಕಷ್ಟಿರುವ, ಹದವಾಗಿ ಬೆಂದ ಜೇಡಿ ಶಿಲೆ ಇರಬೇಕು.

2. ಸಂಗ್ರಹ ಶಿಲೆ: ಹುಟ್ಟಿದ ತೈಲ ಹೋಗಿ ತುಂಬಿಕೊಳ್ಳಲು ರಂಧ್ರಗಳಿರುವ ಮರಳುಗಲ್ಲು ಅಥವಾ ಸುಣ್ಣಕಲ್ಲು ಬೇಕು. ರಂಧ್ರಗಳಿದ್ದರಷ್ಟೇ ಸಾಲದು, ಅವು ಒಂದಕ್ಕೊಂದು ಸೇರಿಕೊಂಡಿರಬೇಕು. ಇಲ್ಲವಾದರೆ ತೈಲ ಒಳಗೇ ಸಿಕ್ಕಿಕೊಳ್ಳುತ್ತದೆ.

3. ಮುಚ್ಚಳ ಶಿಲೆ: ತೈಲ ನೀರಿಗಿಂತ ಹಗುರ. ಹಾಗಾಗಿ ನೀರು ತುಂಬಿದ ಬಂಡೆಗಳ ನಡುವೆ ಮೇಲಕ್ಕೇ ಏರುತ್ತಾ ಹೋಗುತ್ತದೆ. ಅದನ್ನು ತಡೆಯಲು ಮೇಲೆ ಜೇಡಿ ಶಿಲೆ ಅಥವಾ ಉಪ್ಪಿನ ಪದರದಂಥ ಸೋರದ ಮುಚ್ಚಳ ಇರಬೇಕು.

4. ಬೋನು: ಮುಚ್ಚಳ ಸಪಾಟಾಗಿದ್ದರೆ ತೈಲ ಅದರ ಕೆಳಗೇ ಪಕ್ಕಕ್ಕೆ ಹರಿದುಹೋಗುತ್ತದೆ. ಪದರಗಳು ಬೋರಲು ಹಾಕಿದ ಬಟ್ಟಲಿನಂತೆ ಬಾಗಿರಬೇಕು, ಇಲ್ಲವೇ ನೆಲದೊಳಗಿನ ಬಿರುಕಿನಿಂದ ಜಾರಿದ ಬಂಡೆ ಅಡ್ಡ ನಿಂತಿರಬೇಕು. ಅಲ್ಲಿ ಮೇಲೆ ಅನಿಲ, ನಡುವೆ ತೈಲ, ಕೆಳಗೆ ಉಪ್ಪುನೀರು ಎಂದು ತಾನಾಗಿಯೇ ಬೇರ್ಪಡುತ್ತದೆ.

5. ಸಮಯ: ಬೋನು ಮೊದಲು ಸಿದ್ಧವಾಗಿರಬೇಕು, ತೈಲ ಆಮೇಲೆ ಬರಬೇಕು. ತೈಲ ಹರಿದುಹೋದ ಮೇಲೆ ಬೋನು ರೂಪುಗೊಂಡರೆ ಅದು ಖಾಲಿ. ತೈಲ ತುಂಬಿದ ಬೋನು ನಂತರದ ಭೂಚಲನೆಯಲ್ಲಿ ಒಡೆದರೂ ಖಾಲಿ.

ಕೊರೆದ ಬಾವಿಗಳಲ್ಲಿ ಹಲವು ಬರಿದಾಗುವುದಕ್ಕೆ ಕಾರಣವೂ ಇದೇ. ನಾಲ್ಕು ಷರತ್ತು ಪೂರೈಸಿ ಐದನೆಯದು ಕೈಕೊಟ್ಟರೂ ಸಿಗುವುದು ಉಪ್ಪುನೀರು ಮಾತ್ರ.

ದೆಹಲಿಯಲ್ಲಿ ಏಕಿಲ್ಲ?

ಈ ಪಟ್ಟಿಯನ್ನು ಹಿಡಿದು ರಾಜಧಾನಿಯ ನೆಲವನ್ನು ನೋಡಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ದೆಹಲಿಯ 'ರಿಡ್ಜ್' ಎಂಬ ಕಲ್ಲುಗುಡ್ಡದ ಸಾಲು ಅರಾವಳಿ ಬೆಟ್ಟಗಳ ಬಾಲ. ರಾಷ್ಟ್ರಪತಿ ಭವನ ಇರುವ ರೈಸಿನಾ ಬೆಟ್ಟವೂ ಅದರ ಭಾಗವೇ. ಇಲ್ಲಿನ ಮುಖ್ಯ ಕಲ್ಲು ಕ್ವಾರ್ಟ್ಜೈಟ್. ಒಂದು ಕಾಲದಲ್ಲಿ ಮರಳುಗಲ್ಲಾಗಿದ್ದ ಇದು ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡಿದೆ. ನೂರು ಕೋಟಿ ವರ್ಷಕ್ಕೂ ಹಳೆಯದಾದ ಈ ಕಲ್ಲಿನಲ್ಲಿ ರಂಧ್ರಗಳೆಲ್ಲ ಬೆಸೆದುಕೊಂಡಿವೆ. ತೈಲ ಹುಟ್ಟಲು ಮೂಲ ಶಿಲೆಯಿಲ್ಲ, ನಿಲ್ಲಲು ಜಾಗವಿಲ್ಲ.

ರಿಡ್ಜ್‌ನ ಆಚೆ ಯಮುನಾ ನದಿ ತಂದು ಹಾಕಿದ ಮೆಕ್ಕಲು ಮಣ್ಣಿದೆ. ಅದು ಪದರ ಪದರವಾಗಿದ್ದರೂ ತೀರಾ ಎಳೆಯದು, ಬೇಯುವಷ್ಟು ಆಳಕ್ಕೆ ಇಳಿದಿಲ್ಲ. ಹೀಗಾಗಿ ದೆಹಲಿಯಲ್ಲಾಗಲಿ, ನೋಯ್ಡಾದಲ್ಲಾಗಲಿ ಕೊಳವೆಬಾವಿಯ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಅದು ನಿಕ್ಷೇಪದ ಸೂಚನೆಯಲ್ಲ. ಪೆಟ್ರೋಲ್ ಎಂಬುದು ಸಂಸ್ಕರಣಾಗಾರದಲ್ಲಿ ತಯಾರಾಗುವ ಉತ್ಪನ್ನ, ಅದು ನೆಲದಿಂದ ನೇರವಾಗಿ ಉಕ್ಕುವುದಿಲ್ಲ. ಅಂಥ ಕಡೆ ಮೊದಲು ಅನುಮಾನಿಸಬೇಕಾದ್ದು ಹತ್ತಿರದಲ್ಲಿ ಸೋರುತ್ತಿರುವ ಟ್ಯಾಂಕ್ ಅಥವಾ ಪೈಪ್. ಆ ನೀರನ್ನು ಬಳಸದೆ ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಸರಿಯಾದ ಕ್ರಮ.

ದೆಹಲಿಯಿಂದ ಉತ್ತರಕ್ಕೆ, ಹಿಮಾಲಯದ ಕಡೆಗೆ ಹೋದಂತೆ ಪದರ ಶಿಲೆಗಳ ದಪ್ಪ ಹೆಚ್ಚುತ್ತಾ ಹಲವು ಕಿಲೋಮೀಟರ್ ಆಗುತ್ತದೆ. ಅಲ್ಲಿ ಹುಡುಕಾಟ ನಡೆಯದೇ ಇಲ್ಲ. ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಜ್ವಾಲಾಮುಖಿ ದೇಗುಲದಲ್ಲಿ ಬಂಡೆಯ ಸಂದಿನಿಂದ ಉರಿಯುವ ಜ್ವಾಲೆಯನ್ನು ಭಕ್ತರು ಶತಮಾನಗಳಿಂದ ಪೂಜಿಸುತ್ತಾ ಬಂದಿದ್ದಾರೆ. ಭೂವಿಜ್ಞಾನಿಗಳಿಗೆ ಅದು ನೆಲದಡಿ ನೈಸರ್ಗಿಕ ಅನಿಲ ಇರುವುದರ ಸುಳಿವು. 1956ರಲ್ಲಿ ಸ್ಥಾಪನೆಯಾದ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ, ಅಂದರೆ ಇಂದಿನ ಒಎನ್‌ಜಿಸಿ, ತನ್ನ ಮೊದಲ ಅನ್ವೇಷಣಾ ಬಾವಿಯನ್ನು 1957ರಲ್ಲಿ ಕೊರೆಯಲು ಆರಂಭಿಸಿದ್ದು ಇದೇ ಜ್ವಾಲಾಮುಖಿಯಲ್ಲಿ. ಅನಿಲದ ಕುರುಹು ಸಿಕ್ಕಿತು, ಆದರೆ ಮಾರುವಷ್ಟು ಸಿಗಲಿಲ್ಲ. ಉತ್ತರ ಪ್ರದೇಶದ ಉಝಾನಿ, ತಿಲ್ಹರ್ ಮುಂತಾದೆಡೆ ಗಂಗಾ ಬಯಲಿನಲ್ಲಿ ಕೊರೆದ ಬಾವಿಗಳೂ ವಾಣಿಜ್ಯ ಮಟ್ಟದ ತೈಲ ಕೊಡಲಿಲ್ಲ.

ಬಾರ್ಮೇರ್‌ನಲ್ಲಿ ಏಕಿದೆ?

ರಾಜಸ್ಥಾನದ ಬಾರ್ಮೇರ್ ಇಂದು ಮರಳು. ಆದರೆ ಸುಮಾರು 6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಸೀಳಿ ಉದ್ದನೆಯ ತಗ್ಗು ಉಂಟಾಗಿತ್ತು. ಆ ತಗ್ಗಿನಲ್ಲಿ ನದಿಗಳು ಮರಳು ತಂದು ಸುರಿದವು. ನಂತರ ಅಲ್ಲಿ ಸರೋವರ ನಿಂತು, ಪಾಚಿ ಬೆಳೆದು, ಸತ್ತು ತಳ ಸೇರಿತು. ಸರೋವರದ ಕೆಸರು ಮೂಲ ಶಿಲೆಯಾಯಿತು, ನದಿಯ ಮರಳು ಸಂಗ್ರಹ ಶಿಲೆಯಾಯಿತು. ನೆಲ ಸೀಳಿದಾಗ ಜಾರಿ ನಿಂತ ಬಂಡೆಗಳು ಬೋನುಗಳಾದವು. ಐದೂ ಷರತ್ತು ಕೂಡಿಬಂದವು.

ಹಾಗಿದ್ದೂ ತೈಲ ತಕ್ಷಣ ಸಿಗಲಿಲ್ಲ. ಈ ಪ್ರದೇಶದಲ್ಲಿ ಮೊದಲು ಹುಡುಕಾಟ ನಡೆಸಿದ ಶೆಲ್ ಕಂಪನಿ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಅದನ್ನು ಪಡೆದ ಕೇರ್ನ್ ಕಂಪನಿಗೆ 2004ರ ಜನವರಿಯಲ್ಲಿ 'ಮಂಗಳಾ' ನಿಕ್ಷೇಪ ಸಿಕ್ಕಿತು. ಉತ್ಪಾದನೆ ಆರಂಭವಾಗಿದ್ದು 2009ರ ಆಗಸ್ಟ್‌ನಲ್ಲಿ, ಐದೂವರೆ ವರ್ಷಗಳ ನಂತರ. ಇಲ್ಲಿನ ತೈಲದಲ್ಲಿ ಮೇಣದಂಶ ಎಷ್ಟೆಂದರೆ ಸಾಮಾನ್ಯ ಉಷ್ಣಾಂಶದಲ್ಲಿ ಅದು ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಗುಜರಾತ್‌ವರೆಗೆ ಉದ್ದಕ್ಕೂ ಬಿಸಿಯಾಗಿಯೇ ಇರುವ ವಿಶೇಷ ಪೈಪ್‌ಲೈನ್ ಹಾಕಬೇಕಾಯಿತು.

ಕರ್ನಾಟಕದ ಕಥೆ ಏನು?

ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಹತ್ತಿದವರಿಗೆ ಕರ್ನಾಟಕದ ಉತ್ತರ ಕಾಲಡಿಯಲ್ಲೇ ಸಿಗುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಆ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಜ್ಯದ ಬಹುಭಾಗ ಇಂಥದ್ದೇ ಗಟ್ಟಿ ಶಿಲೆಯ ಮೇಲೆ ಕೂತಿದೆ. ಇದರಲ್ಲಿ ಚಿನ್ನ, ಕಬ್ಬಿಣ ಸಿಗಬಹುದು, ತೈಲ ಸಿಗುವುದಿಲ್ಲ.

ಆದರೂ ದೇಶದ 26 ಪದರ ಶಿಲೆಯ ಪ್ರದೇಶಗಳ, ಅಂದರೆ 'ಬೇಸಿನ್'ಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರಿದೆ. ಬಾಗಲಕೋಟೆ ಸುತ್ತಲಿನ ಕಲಾದಗಿ ಮತ್ತು ಕಲಬುರಗಿ-ಯಾದಗಿರಿ ಭಾಗದ ಭೀಮಾ ಬೇಸಿನ್ ಅದರಲ್ಲಿ ಸೇರಿವೆ. ಶಹಾಬಾದ್ ಕಲ್ಲು, ವಾಡಿಯ ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು ಈ ಭೀಮಾ ಪದರಗಳದ್ದೇ. ಆದರೆ ಇವು ತೀರಾ ಪ್ರಾಚೀನ, ಭೂಮಿಯ ಮೇಲೆ ಜೀವ ಇನ್ನೂ ಸರಳ ಹಂತದಲ್ಲಿದ್ದ ಕಾಲದವು. ಇಲ್ಲಿ ತೈಲ ಉತ್ಪಾದನೆ ಇಲ್ಲ. ಕರಾವಳಿಯಾಚೆ ಸಮುದ್ರದಲ್ಲಿರುವ ಕೇರಳ-ಕೊಂಕಣ ಬೇಸಿನ್‌ನಲ್ಲೂ ಬಾವಿಗಳನ್ನು ಕೊರೆಯಲಾಗಿದೆ. ಅಲ್ಲಿಯೂ ವಾಣಿಜ್ಯ ಉತ್ಪಾದನೆಯ ಹಂತ ಬಂದಿಲ್ಲ.

ಹುಡುಕಾಟ ಶುರುವಾಗುವುದು ನೋಯ್ಡಾದ ಕಟ್ಟಡದಲ್ಲಿ

ದೆಹಲಿ ಸುತ್ತಮುತ್ತ ತೈಲ ಇಲ್ಲದಿರಬಹುದು. ಆದರೆ ದೇಶದಲ್ಲಿ ಎಲ್ಲಿ ಹುಡುಕಬೇಕು ಎಂಬ ತೀರ್ಮಾನಗಳು ಇಲ್ಲಿಯೇ ಆಗುತ್ತವೆ. 1993ರಲ್ಲಿ ಸ್ಥಾಪನೆಯಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ, ಚಿಕ್ಕದಾಗಿ ಡಿಜಿಎಚ್, ಇರುವುದು ನೋಯ್ಡಾದ ಸೆಕ್ಟರ್ 73ರಲ್ಲಿ. ತೈಲ ಹುಡುಕಾಟದ ಮೇಲ್ವಿಚಾರಣೆ ಮಾಡುವ ಸಂಸ್ಥೆ ಇದು. ಇಲ್ಲಿನ ರಾಷ್ಟ್ರೀಯ ದತ್ತಾಂಶ ಭಂಡಾರ 2017ರಲ್ಲಿ ಆರಂಭವಾಯಿತು. ದಶಕಗಳಿಂದ ನಡೆದ ಸಮೀಕ್ಷೆಗಳು, ಕೊರೆದ ಬಾವಿಗಳ ದಾಖಲೆಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಅವುಗಳಲ್ಲಿ ಬರಿದಾದ ಬಾವಿಗಳ ದಾಖಲೆಗಳೂ ಇವೆ.

ಬರಿದಾದ ಬಾವಿಯ ದಾಖಲೆಗೂ ಬೆಲೆ ಇದೆ. ಅಲ್ಲಿ ಯಾವ ಆಳದಲ್ಲಿ ಯಾವ ಕಲ್ಲು ಸಿಕ್ಕಿತು, ಐದು ಷರತ್ತುಗಳಲ್ಲಿ ಯಾವುದು ತಪ್ಪಿತ್ತು ಎಂಬುದು ಅದರಿಂದ ಗೊತ್ತಾಗುತ್ತದೆ. ಮುಂದೆ ಬರುವವರು ಅದೇ ತಪ್ಪು ಮಾಡುವುದು ತಪ್ಪುತ್ತದೆ. 2016ರಲ್ಲಿ ಜಾರಿಗೆ ಬಂದ ಹೊಸ ನೀತಿಯಡಿ ಕಂಪನಿಗಳು ಈ ದತ್ತಾಂಶ ನೋಡಿ, ತಮಗೆ ಬೇಕಾದ ಪ್ರದೇಶವನ್ನು ತಾವೇ ಗುರುತಿಸಿ ಸರ್ಕಾರದ ಮುಂದಿಡಬಹುದು. ನಂತರ ಆ ಪ್ರದೇಶವನ್ನು ಹರಾಜಿಗೆ ಇಡಲಾಗುತ್ತದೆ.

ನೆಲವನ್ನು ತಟ್ಟಿ ಕೇಳುವ ವಿದ್ಯೆ

ಹಲಸಿನ ಹಣ್ಣನ್ನು ತಟ್ಟಿ, ಬರುವ ಸದ್ದಿನಿಂದಲೇ ಹಣ್ಣಾಗಿದೆಯೇ ಇಲ್ಲವೇ ಎಂದು ಹೇಳುವವರಿದ್ದಾರೆ. ತೈಲ ಹುಡುಕುವ ಮುಖ್ಯ ವಿಧಾನವೂ ಹೆಚ್ಚುಕಡಿಮೆ ಇದೇ. ಇದಕ್ಕೆ 'ಸೀಸ್ಮಿಕ್ ಸಮೀಕ್ಷೆ' ಎಂದು ಹೆಸರು.

ಅದಕ್ಕೂ ಮೊದಲು ಭೂವಿಜ್ಞಾನಿಗಳು ಮೇಲೆ ಕಾಣುವ ಬಂಡೆಗಳ ನಕ್ಷೆ ಮಾಡುತ್ತಾರೆ. ಗುರುತ್ವಾಕರ್ಷಣೆ ಮತ್ತು ಕಾಂತತ್ವದ ಸಣ್ಣ ವ್ಯತ್ಯಾಸಗಳನ್ನು ಅಳೆಯುತ್ತಾರೆ. ಹಗುರವಾದ ಪದರ ಶಿಲೆ ಎಲ್ಲಿ ದಪ್ಪವಾಗಿದೆ, ಗಟ್ಟಿ ಶಿಲೆ ಎಲ್ಲಿ ಮೇಲೆ ಬಂದಿದೆ ಎಂಬುದರ ಅಂದಾಜು ಇದರಿಂದ ಸಿಗುತ್ತದೆ.

ನಂತರ ಸೀಸ್ಮಿಕ್ ತಂಡ ಬರುತ್ತದೆ. ನೆಲದ ಮೇಲೆ ಸಣ್ಣ ಸ್ಫೋಟ ನಡೆಸಿ ಅಥವಾ ಭಾರಿ ಟ್ರಕ್‌ಗಳಿಂದ ನೆಲವನ್ನು ನಡುಗಿಸಿ ಕಂಪನ ಕಳಿಸಲಾಗುತ್ತದೆ. ಸಮುದ್ರದಲ್ಲಾದರೆ ಹಡಗಿನ ಹಿಂದೆ ಎಳೆಯುವ ಗಾಳಿಗನ್‌ಗಳು ಆ ಕೆಲಸ ಮಾಡುತ್ತವೆ. ಕಂಪನ ಒಂದೊಂದು ಪದರಕ್ಕೂ ತಾಗಿ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಮೂರು ಕಿಲೋಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾಗುವುದು ಸುಮಾರು ಎರಡು ಸೆಕೆಂಡ್. ಸಾಲಾಗಿ ಇಟ್ಟ ಜಿಯೋಫೋನ್ ಎಂಬ ಸಾಧನಗಳು ಈ ಮಾರ್ದನಿಯನ್ನು ದಾಖಲಿಸುತ್ತವೆ.

ಕಂಪ್ಯೂಟರ್‌ಗಳು ಈ ದಾಖಲೆಗಳನ್ನು ಸೇರಿಸಿ ನೆಲದಾಳದ ಚಿತ್ರ ಬಿಡಿಸುತ್ತವೆ. ಒಂದು ಗೆರೆಯಗುಂಟ ತೆಗೆದರೆ ಅದು 2ಡಿ, ಇಡೀ ಪ್ರದೇಶದ ಘನಚಿತ್ರ ತೆಗೆದರೆ 3ಡಿ. ಬೋರಲು ಬಟ್ಟಲಿನಂಥ ಬಾಗು ಎಲ್ಲಿದೆ, ಬಂಡೆ ಎಲ್ಲಿ ಜಾರಿದೆ ಎಂಬುದು ಅದರಲ್ಲಿ ಕಾಣುತ್ತದೆ. ಸರಿಯಾಗಿ ನೋಡದಿರುವ ಪ್ರದೇಶಗಳ ಚಿತ್ರ ತೆಗೆಯಲೆಂದೇ 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೀಸ್ಮಿಕ್ ಕಾರ್ಯಕ್ರಮ ಆರಂಭಿಸಿ, 48 ಸಾವಿರ ಕಿಲೋಮೀಟರ್‌ಗೂ ಹೆಚ್ಚು ಉದ್ದದ ಸಮೀಕ್ಷೆಯ ಗುರಿ ಇಟ್ಟುಕೊಂಡಿತು.

ಈ ವಿದ್ಯೆಗೂ ಮಿತಿಯಿದೆ. ಪಶ್ಚಿಮ ಭಾರತದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಪ್ಪುಕಲ್ಲಾಗಿ ಹಾಸಿಕೊಂಡಿದೆ. ಅದರ ಕೆಳಗೆ ಪದರ ಶಿಲೆ ಇದ್ದರೂ ಕಂಪನಗಳು ಆ ಗಟ್ಟಿ ಹಾಸಿಗೆಯಲ್ಲೇ ಚದುರಿಹೋಗುವುದರಿಂದ ಚಿತ್ರ ಮಸುಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೀಸ್ಮಿಕ್ ಚಿತ್ರ ಬೋನನ್ನು ತೋರಿಸುತ್ತದೆ. ಬೋನಿನಲ್ಲಿ ತೈಲ ಇದೆಯೇ, ನೀರಿದೆಯೇ ಎಂದು ಬಹುತೇಕ ಸಂದರ್ಭದಲ್ಲಿ ಖಚಿತವಾಗಿ ಹೇಳುವುದಿಲ್ಲ.

ಬಾಂಬೆ ಹೈ: ಚಿತ್ರದಿಂದ ಬಾವಿಯವರೆಗೆ

ಇದಕ್ಕೆ ಭಾರತದ ಅತಿ ದೊಡ್ಡ ಉದಾಹರಣೆ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ. 1960ರ ದಶಕದಲ್ಲಿ ಸೋವಿಯತ್ ಹಡಗಿನ ನೆರವಿನಿಂದ ನಡೆದ ಸೀಸ್ಮಿಕ್ ಸಮೀಕ್ಷೆಯಲ್ಲಿ ಸಮುದ್ರದಡಿ ದೊಡ್ಡದೊಂದು ಉಬ್ಬು ಕಂಡಿತ್ತು. ಆಗ ಅಷ್ಟು ದೂರದ ಸಮುದ್ರದಲ್ಲಿ ಕೊರೆಯುವ ಸಾಧನ ದೇಶದ ಬಳಿ ಇರಲಿಲ್ಲ. 'ಸಾಗರ್ ಸಮ್ರಾಟ್' ಎಂಬ ರಿಗ್ ಬಂದ ಮೇಲೆ 1974ರಲ್ಲಿ ಅಲ್ಲಿ ಕೊರೆದಾಗ ಸುಣ್ಣಕಲ್ಲಿನ ಪದರದಲ್ಲಿ ತೈಲ ಸಿಕ್ಕಿತು. ಉತ್ಪಾದನೆ 1976ರ ಮೇನಲ್ಲಿ ಶುರುವಾಯಿತು. ದೇಶದ ತೈಲ ಉತ್ಪಾದನೆಗೆ ದಶಕಗಳ ಕಾಲ ಇದೇ ಬೆನ್ನೆಲುಬು.

ಬಾವಿಯೊಳಗೆ ಏನು ನಡೆಯುತ್ತದೆ?

ಕೊರೆಯುವಾಗ ಕೊಳವೆಯ ಮೂಲಕ ವಿಶೇಷ ಕೆಸರನ್ನು ಒಳಗೆ ಪಂಪ್ ಮಾಡುತ್ತಾರೆ. ಇದು ಕೊರೆಯುವ ಹಲ್ಲನ್ನು ತಂಪಾಗಿಡುತ್ತದೆ, ಪುಡಿಯಾದ ಕಲ್ಲನ್ನು ಮೇಲಕ್ಕೆ ತರುತ್ತದೆ. ಅದಕ್ಕಿಂತ ಮುಖ್ಯ ಕೆಲಸ, ಆಳದ ತೈಲ-ಅನಿಲದ ಒತ್ತಡವನ್ನು ತನ್ನ ಭಾರದಿಂದ ಅದುಮಿ ಹಿಡಿಯುವುದು. ಈ ಸಮತೋಲನ ತಪ್ಪಿದರೆ ಅನಿಲ ನಿಯಂತ್ರಣ ಮೀರಿ ಉಕ್ಕುತ್ತದೆ. 2020ರಲ್ಲಿ ಅಸ್ಸಾಂನ ತಿನ್ಸುಕಿಯಾ ಜಿಲ್ಲೆಯ ಬಾಗ್‌ಜಾನ್‌ನಲ್ಲಿ ಉತ್ಪಾದನೆಯಲ್ಲಿದ್ದ ಅನಿಲ ಬಾವಿಯೊಂದು ಹೀಗೆ ನಿಯಂತ್ರಣ ತಪ್ಪಿತು. ಮೇ ತಿಂಗಳಲ್ಲಿ ಸೋರಿಕೆ ಆರಂಭವಾಗಿ, ಜೂನ್‌ನಲ್ಲಿ ಬೆಂಕಿ ಹೊತ್ತಿಕೊಂಡಿತು. ಪೂರ್ತಿ ನಂದಿಸಲು ನವೆಂಬರ್‌ವರೆಗೆ ಸಮಯ ಹಿಡಿಯಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು, ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು.

ಮೇಲೆ ಬಂದ ಕಲ್ಲಿನ ಪುಡಿಯನ್ನು ತಜ್ಞರು ಸ್ಥಳದಲ್ಲೇ ಪರೀಕ್ಷಿಸುತ್ತಾರೆ. ಅತಿನೇರಳೆ ಬೆಳಕಿನಲ್ಲಿ ಹಿಡಿದಾಗ ತೈಲದಂಶವಿರುವ ಕಲ್ಲು ಹೊಳೆಯುತ್ತದೆ. ನಂತರ ಬಾವಿಯೊಳಗೆ ಉಪಕರಣ ಇಳಿಸಿ ಒಂದೊಂದು ಪದರದ ಗುಣವನ್ನೂ ಅಳೆಯಲಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತೈಲದಲ್ಲಿ ಹರಿಯುವುದಿಲ್ಲ. ಹಾಗಾಗಿ ರಂಧ್ರಗಳಿರುವ ಬಂಡೆಯಲ್ಲಿ ವಿದ್ಯುತ್‌ಗೆ ತಡೆ ಹೆಚ್ಚಿದ್ದರೆ ಅಲ್ಲಿ ತೈಲ ಅಥವಾ ಅನಿಲ ಇರುವ ಸಾಧ್ಯತೆ ಹೆಚ್ಚು. 1927ರಲ್ಲಿ ಫ್ರಾನ್ಸ್‌ನ ಬಾವಿಯೊಂದರಲ್ಲಿ ಮೊದಲು ಪ್ರಯೋಗವಾದ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ.

ಕೊನೆಯ ಪರೀಕ್ಷೆ ಹರಿವಿನದ್ದು. ಬಾವಿಯನ್ನು ನಿಯಂತ್ರಿತವಾಗಿ ತೆರೆದು ದಿನಕ್ಕೆ ಎಷ್ಟು ಬ್ಯಾರೆಲ್ ಬರುತ್ತದೆ, ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಲಾಗುತ್ತದೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್.

'ತೈಲ ಪತ್ತೆ' ಸುದ್ದಿ ಓದುವಾಗ ಇವನ್ನು ಗಮನಿಸಿ

ಕುರುಹು, ಪತ್ತೆ, ನಿಕ್ಷೇಪ, ಉತ್ಪಾದನೆ: ಇವು ನಾಲ್ಕೂ ಬೇರೆ ಬೇರೆ ಹಂತಗಳು. ಬಾವಿಯಲ್ಲಿ ತೈಲದ ಅಂಶ ಕಂಡರೆ ಅದು ಕುರುಹು. ಹರಿವಿನ ಪರೀಕ್ಷೆಯಲ್ಲಿ ತೈಲ ಬಂದರೆ ಪತ್ತೆ. ಸುತ್ತಮುತ್ತ ಇನ್ನಷ್ಟು ಬಾವಿ ಕೊರೆದು, ಲಾಭದಾಯಕವಾಗಿ ತೆಗೆಯಬಹುದಾದ ಪ್ರಮಾಣವನ್ನು ಲೆಕ್ಕ ಹಾಕಿದ ಮೇಲಷ್ಟೇ ಅದು ಅಧಿಕೃತ ಅರ್ಥದಲ್ಲಿ ನಿಕ್ಷೇಪ. ಜ್ವಾಲಾಮುಖಿ ಮೊದಲ ಹಂತವನ್ನು ಹೆಚ್ಚು ದಾಟಲಿಲ್ಲ, ಮಂಗಳಾ ಕೊನೆಯ ಹಂತದವರೆಗೂ ಹೋಯಿತು.

ಪ್ರಮಾಣದ ಅಂಕಿಯನ್ನೂ ಎಚ್ಚರದಿಂದ ನೋಡಬೇಕು. 'ನೆಲದಲ್ಲಿ ಇರುವ ತೈಲ' ಮತ್ತು 'ತೆಗೆಯಬಹುದಾದ ತೈಲ' ಒಂದೇ ಅಲ್ಲ. ಬಂಡೆಯ ರಂಧ್ರಗಳಿಗೆ ಅಂಟಿಕೊಂಡ ತೈಲವನ್ನೆಲ್ಲ ಹೊರತೆಗೆಯಲು ಆಗುವುದಿಲ್ಲ. ಹಲವು ನಿಕ್ಷೇಪಗಳಲ್ಲಿ ಕೈಗೆ ಸಿಗುವುದು ಮೂರನೇ ಒಂದು ಪಾಲಿನಷ್ಟು. ಉಳಿದದ್ದನ್ನು ಪಡೆಯಲು ನೀರು, ಅನಿಲ ಅಥವಾ ರಾಸಾಯನಿಕಗಳನ್ನು ಒಳಗೆ ತಳ್ಳಬೇಕು, ಅದಕ್ಕೆ ಖರ್ಚು ಹೆಚ್ಚು.

ಲೆಕ್ಕ ತಪ್ಪುವುದೂ ಉಂಟು. ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ಬೇಸಿನ್‌ನ ಕೆಜಿ-ಡಿ6ರಲ್ಲಿ 2002ರಲ್ಲಿ ಭಾರಿ ಅನಿಲ ಪತ್ತೆಯಾಯಿತು. 2009ರಲ್ಲಿ ಉತ್ಪಾದನೆ ಆರಂಭವಾಗಿ ಮರುವರ್ಷವೇ ಉತ್ತುಂಗ ಮುಟ್ಟಿತು. ಆದರೆ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿಯಿತು. ಆ ಮೊದಲ ಎರಡು ಮುಖ್ಯ ಕ್ಷೇತ್ರಗಳು 2020ರಲ್ಲಿ ಉತ್ಪಾದನೆ ನಿಲ್ಲಿಸಿದವು. ನೆಲದಾಳದ ಬಂಡೆ ಮೊದಲು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಅದೇ ಬ್ಲಾಕ್‌ನ ಬೇರೆ ಕ್ಷೇತ್ರಗಳಿಂದ ನಂತರ ಮತ್ತೆ ಅನಿಲ ಬರಲಾರಂಭಿಸಿತು.

ಇನ್ನು ಬೆಲೆ. ದೇಶದೊಳಗೆ ಸಿಕ್ಕ ತೈಲದ ದರವೂ ಅಂತಾರಾಷ್ಟ್ರೀಯ ಮಾರುಕಟ್ಟೆಯನ್ನೇ ಅನುಸರಿಸುತ್ತದೆ. ಹಾಗಾಗಿ ಹೊಸ ನಿಕ್ಷೇಪ ಸಿಕ್ಕ ಮಾತ್ರಕ್ಕೆ ಬಂಕ್‌ನಲ್ಲಿ ದರ ಇಳಿಯುವುದಿಲ್ಲ. ಲಾಭ ಬೇರೆ ಕಡೆ ಇದೆ: ವಿದೇಶಿ ವಿನಿಮಯ ಉಳಿಯುತ್ತದೆ, ಸರ್ಕಾರಕ್ಕೆ ರಾಯಧನ ಬರುತ್ತದೆ, ಯುದ್ಧದಂಥ ಬಿಕ್ಕಟ್ಟಿನಲ್ಲಿ ದೇಶ ಸ್ವಲ್ಪ ನಿರಾಳವಾಗಿರಬಹುದು.

ತೈಲ ಕೊಡದ ಬಂಡೆ ತೈಲ ಕಾಯುತ್ತಿದೆ

ಬಿಕ್ಕಟ್ಟಿನ ಮಾತು ಬಂದಾಗ ಕರ್ನಾಟಕದ ಗಟ್ಟಿ ಬಂಡೆಗೆ ಬೆಲೆ ಬರುತ್ತದೆ. ಆಮದು ನಿಂತುಹೋದರೆ ಬಳಸಲೆಂದು ಭಾರತ ಮೂರು ಕಡೆ ನೆಲದಡಿ ಕಚ್ಚಾ ತೈಲ ಸಂಗ್ರಹಿಸುತ್ತದೆ. ವಿಶಾಖಪಟ್ಟಣದಲ್ಲಿ 1.33 ಮಿಲಿಯನ್ ಟನ್, ಮಂಗಳೂರಿನಲ್ಲಿ 1.5 ಮಿಲಿಯನ್ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 2.5 ಮಿಲಿಯನ್ ಟನ್ ಸಾಮರ್ಥ್ಯ. ಒಟ್ಟು 5.33 ಮಿಲಿಯನ್ ಟನ್‌ನಲ್ಲಿ ನಾಲ್ಕು ಮಿಲಿಯನ್ ಟನ್ ಕರ್ನಾಟಕ ಕರಾವಳಿಯದ್ದೇ. ಮೂರೂ ತುಂಬಿದ್ದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಅಗತ್ಯಕ್ಕೆ ಸಾಕು ಎಂಬುದು ಸರ್ಕಾರದ ಲೆಕ್ಕ. ಇವನ್ನು ನಿರ್ವಹಿಸುವ ಸಂಸ್ಥೆಯ ಕಚೇರಿ ಇರುವುದೂ ಡಿಜಿಎಚ್ ಇರುವ ನೋಯ್ಡಾದ ಅದೇ ಕಟ್ಟಡದಲ್ಲಿ.

ಈ ಗುಹೆಗಳ ಉಪಾಯ ಪ್ರಕೃತಿಯಿಂದ ಕಲಿತದ್ದು. ಗಟ್ಟಿ ಶಿಲೆಯನ್ನು ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಕೊರೆದು ಗುಹೆ ಮಾಡಲಾಗಿದೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಸದಾ ನೀರು ತುಂಬಿರುವಂತೆ ನೋಡಿಕೊಳ್ಳಲಾಗುತ್ತದೆ. ನೀರಿನ ಒತ್ತಡ ಒಳಮುಖವಾಗಿರುವುದರಿಂದ ತೈಲ ಹೊರಗೆ ಸೋರಲಾರದು. ಇಲ್ಲಿ ಮುಚ್ಚಳ ಶಿಲೆಯ ಕೆಲಸವನ್ನು ನೀರೇ ಮಾಡುತ್ತದೆ.

ಇದರ ಉಪಯೋಗ 2020ರಲ್ಲಿ ಕಂಡಿತು. ಕೋವಿಡ್ ಲಾಕ್‌ಡೌನ್‌ನಿಂದ ಏಪ್ರಿಲ್-ಮೇನಲ್ಲಿ ಜಗತ್ತಿನಾದ್ಯಂತ ತೈಲ ಬೆಲೆ ಕುಸಿದಾಗ ಭಾರತ ಈ ಗುಹೆಗಳನ್ನು ತುಂಬಿಸಿಕೊಂಡಿತು. ಇದರಿಂದ ಸುಮಾರು 5,000 ಕೋಟಿ ರೂಪಾಯಿ ಉಳಿತಾಯವಾಗಿದೆ ಎಂದು ಕೇಂದ್ರ ಸರ್ಕಾರ ತಿಳಿಸಿತ್ತು. 2021ರಲ್ಲಿ ಒಡಿಶಾದ ಚಾಂದಿಖೋಲ್ ಮತ್ತು ಪಾದೂರಿನಲ್ಲಿ ಎರಡನೇ ಹಂತದ ಸಂಗ್ರಹಾಗಾರಗಳಿಗೂ ಒಪ್ಪಿಗೆ ನೀಡಲಾಗಿದೆ.

ಮುಂದೇನು?

ಅಸ್ಸಾಂನ ದಿಗ್ಬೋಯಿಯಲ್ಲಿ 1889ರಲ್ಲಿ ತೈಲ ಸಿಕ್ಕಾಗಿನಿಂದ ಲೆಕ್ಕ ಹಾಕಿದರೆ ಭಾರತದ ಹುಡುಕಾಟಕ್ಕೆ 130 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 26 ಬೇಸಿನ್‌ಗಳ ಒಟ್ಟು ವಿಸ್ತೀರ್ಣ ಸುಮಾರು 33.6 ಲಕ್ಷ ಚದರ ಕಿಲೋಮೀಟರ್. ಅದರಲ್ಲಿ ಗಣನೀಯ ಉತ್ಪಾದನೆ ಇರುವುದು ಕೆಲವೇ ಬೇಸಿನ್‌ಗಳಲ್ಲಿ. 2020ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಅಶೋಕನಗರ ಕ್ಷೇತ್ರವನ್ನು ದೇಶಕ್ಕೆ ಸಮರ್ಪಿಸಿದಾಗ ಉತ್ಪಾದಕ ಬೇಸಿನ್‌ಗಳ ಸಂಖ್ಯೆ ಎಂಟಕ್ಕೆ ಏರಿತು. ಉಳಿದ ಕಡೆ ಷರತ್ತುಗಳು ಎಲ್ಲಿ ಕೂಡಿವೆ, ಎಲ್ಲಿ ತಪ್ಪಿವೆ ಎಂಬುದನ್ನು ಬಾವಿಗಳೇ ಹೇಳಬೇಕು.

ಹೊಸ ಕ್ಷೇತ್ರವೊಂದು ಪತ್ತೆಯಾಗಿ ತೈಲ ಹರಿಯಲು ಬಾಂಬೆ ಹೈನಲ್ಲಿ ಎರಡು ವರ್ಷ, ಬಾರ್ಮೇರ್‌ನಲ್ಲಿ ಐದೂವರೆ ವರ್ಷ ಹಿಡಿಯಿತು. ಹಾಗಾಗಿ ಮುಂದಿನ ಬಾರಿ 'ಭಾರಿ ನಿಕ್ಷೇಪ ಪತ್ತೆ' ಎಂಬ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಸಿಕ್ಕಿದ್ದು ಕುರುಹೋ, ನಿಕ್ಷೇಪವೋ? ಹೇಳಿದ ಅಂಕಿ ನೆಲದಲ್ಲಿರುವ ತೈಲದ್ದೋ, ತೆಗೆಯಬಹುದಾದದ್ದೋ? ಉತ್ಪಾದನೆ ಯಾವ ವರ್ಷ? ಈ ಮೂರಕ್ಕೂ ಉತ್ತರ ಆ ಸುದ್ದಿಯಲ್ಲಿ ಇಲ್ಲದಿದ್ದರೆ ಬಂಕ್‌ನ ದರಪಟ್ಟಿಯ ಬಗ್ಗೆ ಆಸೆ ಇಟ್ಟುಕೊಳ್ಳಲು ಇನ್ನೂ ಸಮಯವಿದೆ.